ನಲವತ್ತಣ್ಣನ ಬಕೆಟ್ಟು

ನಲವತ್ತಣ್ಣನಿಗೆ ವಯಸ್ಸು ಐವತ್ತೆಂಟು. ಹೆಸರು ಕೇಳಿದ ಹೊಸಬರು ಅವನ ತಲೆಯನ್ನೊಮ್ಮೆ ನೋಡುತ್ತಾರೆ, ಅಲ್ಲಿ ಉಳಿದಿರುವ ನಾಲ್ಕು ಕೂದಲನ್ನು ನೋಡುತ್ತಾರೆ, ತಾಳೆಯಾಗದೆ ಸುಮ್ಮನಾಗುತ್ತಾರೆ. "ವಯಸ್ಸಿಗೆ ಇಟ್ಟ ಹೆಸರಾಗಿದ್ದಿದ್ರೆ ನಾನೂ ಸ್ವಲ್ಪ ಖುಷಿಪಡ್ತಿದ್ದೆ" ಎಂದು ಅವನ ಹೆಂಡತಿ ಹೊಲಿಗೆ ಮೆಷಿನ್ ತುಳಿಯುತ್ತಲೇ ಹೇಳುತ್ತಾಳೆ. ಹೆಸರು ಬಂದಿದ್ದು ವಯಸ್ಸಿನಿಂದಲ್ಲ, ಒಂದು ನೀಲಿ ಬಕೆಟ್ಟಿನಿಂದ.

ಊರಿನ ಅಂಚಿಗೊಂದು ಕೆರೆ ಇದೆ. ಅದರ ನೀರು ಯಾವ ಹೊಲಕ್ಕೂ ಹರಿಯುವುದಿಲ್ಲ, ಯಾರ ಮನೆಯ ನಲ್ಲಿಗೂ ಬರುವುದಿಲ್ಲ. ಬರೀ ಖುಷಿಗೆಂದು ಕಟ್ಟಿದ್ದು. ಎರಡು ದಿಬ್ಬಗಳ ನಡುವೆ ಮಣ್ಣು ಸುರಿದು, ದಮ್ಮಸ್ಸು ಮಾಡಿ, ಎರಡಂತಸ್ತಿನ ಮನೆಯಷ್ಟು ಎತ್ತರಕ್ಕೆ ಏರಿ ಎಬ್ಬಿಸಿ, ಹಿಂದೆ ನಿಂತ ನೀರಿಗೆ ನಾಲ್ಕು ಬಾತುಕೋಳಿ ದೋಣಿ ಬಿಟ್ಟಿದ್ದಾರೆ. ಕಾಲಲ್ಲಿ ಪೆಡಲ್ ತುಳಿದರೆ ಬಾತುಕೋಳಿ ಮುಂದೆ ಹೋಗುತ್ತದೆ. ಒಂದಕ್ಕೆ ತಲೆಯಿಲ್ಲ. ಹೊಸದಾಗಿ ಮದುವೆಯಾದವರು ಅದನ್ನೇ ಕೇಳಿ ಹತ್ತುತ್ತಾರೆ, ನೋಟಕ್ಕೆ ಅಡ್ಡ ಬರುವುದಿಲ್ಲವಂತೆ. ಏರಿಯ ಮೇಲೆ ಬೆಳಗ್ಗೆ ಸಂಜೆ ವಾಕಿಂಗ್ ಮಾಡುವವರ ಸಾಲು. ಏರಿಯ ಬುಡದಲ್ಲಿ ಒಂದು ಟೀ ಅಂಗಡಿ, ಅದರ ಮುಂದೆ ರಸ್ತೆ, ರಸ್ತೆಯಾಚೆ ಒಂದು ಶಿಶುವಿಹಾರ, ಅರವತ್ತು ಮನೆ.

ಅಣೆಕಟ್ಟು ಎಂದು ಬೋರ್ಡು ಹಾಕಿದ್ದರೆ ಆ ಅರವತ್ತು ಮನೆಗೆ ಬಾಡಿಗೆಗೆ ಬರುವವರು ಎರಡು ಸಲ ಯೋಚಿಸುತ್ತಿದ್ದರು. ಪಾರ್ಕು ಎಂದು ಹಾಕಿದ್ದಾರೆ, ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಸರಕು ಒಂದೇ, ಡಬ್ಬಿಯ ಮೇಲಿನ ಚೀಟಿ ಬೇರೆ. ಡಬ್ಬಿಯೊಳಗೆ ಏನಿದೆ ಎಂದು ದಿನಾ ನೆನಪಿಟ್ಟುಕೊಂಡವನು ಊರಲ್ಲಿ ಒಬ್ಬನೇ, ಅಲ್ಲಿನ ಕಾವಲುಗಾರ ನಲವತ್ತಣ್ಣ.

ಅವನು ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದ. ಕೆಟ್ಟರೆ ಬಿಸಾಡಿ ಹೊಸದು ಕೊಳ್ಳುವುದೇ ಅಗ್ಗ ಎನ್ನುವಂಥ ಗಡಿಯಾರಗಳು ಬಂದ ಮೇಲೆ ಅವನ ಮಾಲೀಕ ಬಾಗಿಲು ಎಳೆದ. ಆಗ ಈ ಕೆಲಸ ಸಿಕ್ಕಿತು. ಅವನನ್ನು ಸೇರಿಸಿಕೊಂಡ ಹಳೆಯ ಇಂಜಿನಿಯರು ಏರಿಯ ಬುಡಕ್ಕೆ ಕರೆದುಕೊಂಡು ಹೋಗಿ, ಅಲ್ಲಿದ್ದ ಒಂದು ಕೊಳವೆಯನ್ನು ತೋರಿಸಿದ್ದರು. ಅದರ ಬಾಯಿಂದ ಬೆರಳು ದಪ್ಪ ನೀರು ಸುರಿಯುತ್ತಿತ್ತು.

"ನೋಡಪ್ಪ, ಮಣ್ಣಿನ ಏರಿ ಅಂದ್ಮೇಲೆ ಸ್ವಲ್ಪ ಒಸರುತ್ತೆ. ಒಸರದ ಏರಿ, ಜಗಳ ಆಡದ ಗಂಡಹೆಂಡ್ತಿ, ಎರಡನ್ನೂ ನಂಬಬೇಡ. ಒಸರಲಿ, ಆದ್ರೆ ಹೆಚ್ಚಬಾರ್ದು, ಕೆಂಪಾಗಬಾರ್ದು. ಹೆಚ್ಚಿದ್ರೆ ಒಳಗೆಲ್ಲೋ ದಾರಿ ಆಗಿದೆ ಅಂತ. ಕೆಂಪಾದ್ರೆ ಆ ದಾರಿ ಏರಿಯನ್ನೇ ತಿಂತಾ ಇದೆ ಅಂತ."

ಗಡಿಯಾರದವನಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ಮಾರನೆಯ ಬೆಳಗ್ಗೆಯೇ ಒಂದು ನೀಲಿ ಬಕೆಟ್ಟು ತಂದು ಕೊಳವೆಯ ಕೆಳಗಿಟ್ಟ, ಕೈಗಡಿಯಾರದ ಸೆಕೆಂಡು ಮುಳ್ಳು ನೋಡಿದ. ನಲವತ್ತು ಸೆಕೆಂಡಿಗೆ ತುಂಬಿತು. ಪುಸ್ತಕದಲ್ಲಿ ಬರೆದ. ಅಂದಿನಿಂದ ಇಪ್ಪತ್ತೆರಡು ವರ್ಷ, ಬೆಳಗ್ಗೆ ಆರಕ್ಕೆ, ಜ್ವರವಿರಲಿ ಮಳೆಯಿರಲಿ, ಬಕೆಟ್ಟಿಟ್ಟು ಮುಳ್ಳು ನೋಡಿದ್ದಾನೆ. ಕೆರೆ ತುಂಬಿದಾಗ ನಲವತ್ತು, ಬೇಸಿಗೆಯಲ್ಲಿ ನೀರು ಒಂದೆರಡು ಅಡಿ ಇಳಿದಾಗ ನಲವತ್ತಾರು ನಲವತ್ತೇಳು. ಏರಿಯ ಮೇಲೆ ಹೋಗುವವರು ಬಗ್ಗಿ "ಎಷ್ಟಣ್ಣಾ?" ಎನ್ನುವುದು, ಇವನು ಕೆಳಗಿಂದ "ನಲವತ್ತು" ಎನ್ನುವುದು. ಹೀಗೆ ಹೆಸರು ನಿಂತಿತು. ಆ ಗಡಿಯಾರವನ್ನು ಪ್ರತಿ ಸೋಮವಾರ ರೇಡಿಯೋ ವಾರ್ತೆಯ ಬೀಪಿಗೆ ಹಿಡಿದು ತಾಳೆ ನೋಡುತ್ತಿದ್ದ. ಒಂದೂವರೆ ಸೆಕೆಂಡು ಹಿಂದಿದ್ದರೂ ಬಿಚ್ಚಿ ಕೂರುತ್ತಿದ್ದ.

ಅವನ ಮಿಕ್ಕ ಕೆಲಸವೂ ಇದೇ ತೂಕದ್ದು. ಹೆಗ್ಗಣ ಬಿಲ ತೋಡಿದರೆ ಅಂದೇ ಮಣ್ಣು ತುಂಬಿ ಮುಚ್ಚುವುದು. ತಿಂಗಳಿಗೊಮ್ಮೆ, ಕೆರೆಯ ನೀರು ಹೊರಗೆ ಬಿಡುವ ತೂಬಿನ ಚಕ್ರಕ್ಕೆ ಗ್ರೀಸು ಹಚ್ಚಿ, ಒಂದು ಸುತ್ತು ತಿರುಗಿಸಿ, ಮತ್ತೆ ಮುಚ್ಚುವುದು. ಏರಿಯ ಮೇಲೆ ಹುಲ್ಲು ಬಿಟ್ಟು ಬೇರೇನು ಹುಟ್ಟಿದರೂ ಕೀಳುವುದು. ಗಿಡ ಮರವಾಗುತ್ತದೆ, ಮರದ ಬೇರು ಏರಿಯೊಳಗೆ ಇಳಿಯುತ್ತದೆ, ಮುಂದೊಂದು ದಿನ ಬೇರು ಸತ್ತು ಕೊಳೆತರೆ ಅದು ನೀರಿಗೆ ಹೇಳಿ ಮಾಡಿಸಿದ ಕೊಳವೆ.

ಇದನ್ನು ವಾಕಿಂಗ್ ಸಂಘದ ಅಧ್ಯಕ್ಷರಾದ ರಿಟೈರ್ಡ್ ಮೇಷ್ಟ್ರಿಗೆ ಒಪ್ಪಿಸುವುದು ಸುಲಭವಿರಲಿಲ್ಲ. ಅವರು ನೆರಳಿಗಾಗಿ ಏರಿಯುದ್ದಕ್ಕೂ ಹದಿಮೂರು ಸಸಿ ನೆಡಿಸಿದ್ದರು, ಫೋಟೋ ಕೂಡ ತೆಗೆಸಿಕೊಂಡಿದ್ದರು. ಮರುದಿನ ತಿಂಡಿಗೆ ಮೊದಲೇ ನಲವತ್ತಣ್ಣ ಹದಿಮೂರನ್ನೂ ಬೇರುಸಹಿತ ಕಿತ್ತು, ಬಿಸಾಡದೆ, ಮೇಷ್ಟ್ರ ಮನೆಯ ಕಾಂಪೌಂಡಿನಲ್ಲೇ ಸಾಲಾಗಿ ನೆಟ್ಟು ನೀರು ಹಾಕಿ ಬಂದ.

"ಉಗುರಲ್ಲಿ ಕೀಳೋದನ್ನ ಬಿಟ್ಟು ಆಮೇಲೆ ಕೊಡಲಿ ಹುಡುಕಬಾರ್ದಲ್ವಾ ಸಾರ್" ಎಂದ.

ಮೇಷ್ಟ್ರು ಒಂದು ವರ್ಷ ಮಾತು ಬಿಟ್ಟರು. ಈಗ ಅವರ ಮನೆ ರಸ್ತೆಯಿಂದ ಕಾಣುವುದಿಲ್ಲ, ಪೋಸ್ಟಿನವನು ಗೇಟು ಹುಡುಕುತ್ತಾನೆ.

ಆದರೆ ಊರಿಗೆಲ್ಲ ಒಂದು ಕಾನೂನು ಹಾಕಿದವನು ತನಗೊಂದು ಸಣ್ಣ ರಿಯಾಯಿತಿ ಇಟ್ಟುಕೊಂಡಿರುತ್ತಾನೆ. ಏರಿಯ ಎಡತುದಿಯಲ್ಲಿ, ಟೀ ಅಂಗಡಿಯ ನೆತ್ತಿಗೆ ಸರಿಯಾಗಿ, ಒಂದು ಮರ ಇತ್ತು. ದೊಡ್ಡ ಮರ. ಮಧ್ಯಾಹ್ನ ಅಂಗಡಿಯ ಬೆಂಚಿನ ಮೇಲೆ ಬೀಳುವ ನೆರಳೆಲ್ಲ ಅದರದೇ. ಆ ಟೀ ಅಂಗಡಿ ಅವನ ಅಕ್ಕನದು.

ಅಮ್ಮ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿನೈದು. ಅವಳೇ ಅವನ ಅಂಗಿ ಒಗೆದಳು, ಅವಳೇ ಬೆನ್ನಿಗೆ ಹೊಡೆದಳು, ಅವಳೇ ಹುಡುಗಿ ನೋಡಿ ಮದುವೆ ಮಾಡಿದಳು. ಎರಡಂತಸ್ತು ನೀರಿನ ಕೆಳಗೆ ಕೂತು ಸೆಕೆಂಡು ಎಣಿಸುವವನು ಅಕ್ಕನ ಮುಂದೆ ಕಪ್ಪು ಕೆಳಗಿಡಲು ಜಾಗ ಕೇಳುತ್ತಿದ್ದ. ಆ ಮರ ಅಕ್ಕನದು, ಅವಳು ಅಂಗಡಿ ಹಾಕಿದ ವರ್ಷ ಕೈಯಾರೆ ನೆಟ್ಟಿದ್ದು ಎಂದು ಅವನ ತಿಳಿವಳಿಕೆ. ಅಕ್ಕನ ಮರವನ್ನು ಕಡಿಯುವುದು ಹೇಗೆ? ಹಾಗೆಂದು ಸುಳ್ಳು ಬರೆಯುವವನೂ ಅವನಲ್ಲ. ಪುಸ್ತಕದ ಷರಾ ಕಾಲಮ್ಮಿನಲ್ಲಿ ವರ್ಷಕ್ಕೊಮ್ಮೆ ತಪ್ಪದೆ ಬರೆಯುತ್ತಿದ್ದ: "ಎಡತುದಿಯಲ್ಲಿ ಒಂದು ಮರ. ತೆಗೆಯತಕ್ಕದ್ದು." ಬರೆದು, ಗೆರೆ ಎಳೆದು, ಅದೇ ಮರದಡಿ ಕೂತು ಟೀ ಕುಡಿಯುತ್ತಿದ್ದ.

ಈ ವರ್ಷ ಮಳೆಗಾಲ ಶುರುವಾದಾಗ ಬಕೆಟ್ಟು ತುಂಬಲು ಐವತ್ತೈದು ಸೆಕೆಂಡು ಹಿಡಿಯಿತು. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಎಂದೂ ಬಂದಿರಲಿಲ್ಲ. ಒಸರು ಕಡಿಮೆಯಾಗಿದೆ! ನಲವತ್ತಣ್ಣ ಮೂರು ಸಲ ನೋಡಿದ, ಗಡಿಯಾರ ಬಿಚ್ಚಿ ನೋಡಿದ, ಎಲ್ಲ ಸರಿಯಾಗಿತ್ತು.

"ಏರಿ ವರ್ಷ ಹೋದಂಗೆ ಗಟ್ಟಿ ಆಗ್ತಾ ಇದೆ ಸಾರ್" ಎಂದು ಮೇಷ್ಟ್ರಿಗೆ ಹೇಳಿದ.

"ಪುಣ್ಯ ಮಾಡಿದೆ. ನಾವೆಲ್ಲ ವರ್ಷ ಹೋದಂಗೆ ಸೋರ್ತಾ ಇದೀವಿ" ಎಂದರು ಮೇಷ್ಟ್ರು.

ಕೆರೆ ತುಂಬುತ್ತಾ ಬಂದ ಹಾಗೆ ಐವತ್ತೈದು ಐವತ್ತಾಯಿತು, ನಲವತ್ತೈದಾಯಿತು, ಕೆರೆ ತುಂಬಿದಾಗ ಸರಿಯಾಗಿ ನಲವತ್ತಕ್ಕೆ ಬಂದು ನಿಂತಿತು. ಪ್ರತಿ ವರ್ಷದ ಹಾಗೇ. ಕೆಟ್ಟ ಸುದ್ದಿ ಬಂದರೆ ಮನುಷ್ಯ ತಕ್ಕಡಿ ತರುತ್ತಾನೆ, ತೂಕದ ಕಲ್ಲು ತಿರುಗಿಸಿ ನೋಡುತ್ತಾನೆ. ಒಳ್ಳೆಯ ಸುದ್ದಿಯನ್ನು ಹಾಗೇ ಚೀಲಕ್ಕೆ ಹಾಕಿಕೊಳ್ಳುತ್ತಾನೆ.

ಆ ಶುಕ್ರವಾರ ಬೆಳಗ್ಗೆಯೂ ನಲವತ್ತು ಬರೆದು ಅವನು ಅಂಗಡಿಗೆ ಬಂದ. ಭಾನುವಾರ ಬಾತುಕೋಳಿ ದೋಣಿಗಳ ಪಂದ್ಯ, ವರ್ಷಕ್ಕೊಮ್ಮೆ ನಡೆಯುವುದು. ಮೇಷ್ಟ್ರು ಬೆಂಚಿನ ಮೇಲೆ ಕೂತು ಯಾರಿಗೆ ತಲೆಯಿಲ್ಲದ ದೋಣಿ ಕೊಡುವುದು ಎಂದು ಚೀಟಿ ಬರೆಯುತ್ತಿದ್ದರು. ಅಕ್ಕ ಲೋಟ ತೊಳೆಯುತ್ತಿದ್ದಳು. ನಲವತ್ತಣ್ಣ ಬಿಸ್ಕತ್ತನ್ನು ಟೀಯಲ್ಲಿ ಅದ್ದಿದವನು ಹಾಗೇ ಹಿಡಿದುಕೊಂಡ. ಬಿಸ್ಕತ್ತು ಮುರಿದು ಟೀಯೊಳಗೆ ಬಿತ್ತು.

"ಅಕ್ಕ, ಆ ಬಕೆಟ್ಟು ಯಾರದು?"

ಲೋಟ ಅದ್ದುತ್ತಿದ್ದ ನೀಲಿ ಬಕೆಟ್ಟಿನ ಅಂಚಿನಲ್ಲಿ ಒಂದು ಸುಟ್ಟ ಕಲೆ ಇತ್ತು. ಸಿಗರೇಟು ಬಿಟ್ಟ ದಿನ ಅವನೇ ಅಲ್ಲಿ ಕೊನೆಯದನ್ನು ಒತ್ತಿ ಆರಿಸಿದ್ದ. ಹಿಡಿಯ ಜಾಗದಲ್ಲಿ ತಂತಿ ಕಟ್ಟಿತ್ತು.

"ನಿಂದೇ" ಎಂದಳು ಅಕ್ಕ, ತಲೆಯೆತ್ತದೆ. "ಮಳೆ ಶುರುವಾದಾಗ ಒಂದಿನ ನಿನ್ನ ಬಕೆಟ್ಟು ತೊಗೊಂಡಿದ್ದೆ, ಹಿಡಿ ಮುರಿದ್ಹೋಯ್ತು. ನೀನು ಮುಖ ಊದಿಸ್ಕೋತೀಯ ಅಂತ ಹೊಸದೊಂದು ತಂದು ಅಲ್ಲಿಟ್ಟೆ. ಅದೇ ಬಣ್ಣ ಬೇಕು ಅಂತ ಮೂರು ಅಂಗಡಿ ಅಲೆದೆ. ಎರಡು ತಿಂಗಳಾಯ್ತು, ಇವತ್ತು ಕಣ್ಣಿಗೆ ಬಿತ್ತಾ? ದೊಡ್ಡ ಕಾವಲುಗಾರ."

"ಅಳತೆ ಒಂದೇನಾ?"

"ಬಕೆಟ್ಟು ಬಕೆಟ್ಟೇ ಕಣೋ. ಅಂಗಡಿಯವನು ಸ್ವಲ್ಪ ದೊಡ್ಡದೇ ಕೊಟ್ಟ. ನಿನಗೆ ಲಾಭಾನೇ."

ನಲವತ್ತಣ್ಣ ಹಳೆಯ ಬಕೆಟ್ಟಿನ ನೀರು ಚೆಲ್ಲಿ ಅದನ್ನು ಎತ್ತಿಕೊಂಡ. ಹಾಲು ಅಳೆಯುವ ಲೀಟರು ಪಾತ್ರೆಯನ್ನು ಅವಳ ಕೈಯಿಂದಲೇ ತೆಗೆದುಕೊಂಡ. ಕೊಳವೆಯ ಹತ್ತಿರ ಹೋಗಿ ಹಳೆಯ ಬಕೆಟ್ಟಿಗೆ ಅಳೆದು ಸುರಿದ, ಹನ್ನೆರಡು ಹಿಡಿಯಿತು. ಹೊಸದಕ್ಕೆ ಸುರಿದ. ಹನ್ನೆರಡಾದ ಮೇಲೂ ಅದು ಬಾಯಿ ತೆರೆದುಕೊಂಡೇ ಇತ್ತು. ಹದಿಮೂರು, ಹದಿನಾಲ್ಕು, ಹದಿನೈದು, ಹದಿನಾರು.

ವಾರಕ್ಕೊಮ್ಮೆ ಗಡಿಯಾರ ಸರಿಯಿದೆಯೇ ಎಂದು ನೋಡಿದ್ದ. ಬಕೆಟ್ಟು ಸರಿಯಿದೆಯೇ ಎಂದು ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ನೋಡಿರಲಿಲ್ಲ. ತಕ್ಕಡಿಗೆ ಎರಡು ತಟ್ಟೆ ಇರುತ್ತದೆ ಎನ್ನುವುದು ಸಂತೆಯಲ್ಲಿ ಸೊಪ್ಪು ಮಾರುವವಳಿಗೂ ಗೊತ್ತು.

ಹಳೆಯ ಬಕೆಟ್ಟನ್ನು ಖಾಲಿ ಮಾಡಿ ಕೊಳವೆಯ ಕೆಳಗಿಟ್ಟ. ಮುಳ್ಳು ನೋಡಿದ. ಮೂವತ್ತು. ಮತ್ತೊಮ್ಮೆ ಇಟ್ಟ. ಮೂವತ್ತು.

ಮೂರು ಬಕೆಟ್ಟು ಬರುತ್ತಿದ್ದ ಹೊತ್ತಿಗೆ ನಾಲ್ಕು ಬಕೆಟ್ಟು ಬರುತ್ತಿದೆ. ಎರಡು ತಿಂಗಳಿಂದ ಏರಿ ಅವನಿಗೆ ದಿನಾ ಬೆಳಗ್ಗೆ ಹೇಳುತ್ತಲೇ ಇತ್ತು, ಅವನು ದಿನಾ ಬೆಳಗ್ಗೆ ತಪ್ಪು ಸೆಕೆಂಡು ಬರೆದುಕೊಂಡು ಟೀ ಕುಡಿಯಲು ಬರುತ್ತಿದ್ದ. ಅಲ್ಲೇ ಕಲ್ಲಿನ ಮೇಲೆ ಕೂತ. ಕೂತವನು ಒಂದು ಗಾಜಿನ ಲೋಟ ತರಿಸಿ, ಕೊಳವೆಯ ನೀರು ಹಿಡಿದು, ಪಕ್ಕಕ್ಕಿಟ್ಟು ಕಾಯತೊಡಗಿದ. ಮೇಷ್ಟ್ರು ಚೀಟಿ ಬಿಟ್ಟು ಬಂದರು, ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದಳು. ಕಾಲು ಗಂಟೆಯಾದ ಮೇಲೆ ಲೋಟವನ್ನು ಬಿಸಿಲಿಗೆ ಎತ್ತಿದ. ನೀರು ತಿಳಿಯಾಗಿತ್ತು. ತಳದಲ್ಲಿ ಮಾತ್ರ ಒಂದು ಚಿಟಿಕೆ ಕೆಂಪು, ಟೀ ಸೋಸಿದ ಮೇಲೆ ಉಳಿಯುವ ಗಸಿಯಷ್ಟು.

"ಅಷ್ಟೇ ತಾನೆ?" ಎಂದರು ಮೇಷ್ಟ್ರು.

"ಅಷ್ಟೇ" ಎಂದ ನಲವತ್ತಣ್ಣ. "ಅಷ್ಟು ಏರಿ ಲೋಟದಲ್ಲಿ ಬಂದಿದೆ ಸಾರ್. ಎರಡು ತಿಂಗಳಲ್ಲಿ ಎಷ್ಟು ಲೋಟ ಆಯ್ತು ಅಂತ ನೀವೇ ಗುಣಾಕಾರ ಮಾಡಿ."

ಮೇಷ್ಟ್ರು ಲೆಕ್ಕದ ಮೇಷ್ಟ್ರೇ. ಗುಣಾಕಾರ ಮಾಡಿದರೇನೋ, ತಿರುಗಿ ರಸ್ತೆಯಾಚೆಯ ಶಿಶುವಿಹಾರದ ಕಡೆ ನೋಡಿದರು.

ನಲವತ್ತಣ್ಣ ಕಚೇರಿಯ ಇಂಜಿನಿಯರಮ್ಮನಿಗೆ ಫೋನು ಹಚ್ಚಿದ. ಅವಳು ವಯಸ್ಸಿನಲ್ಲಿ ಅವನ ಮಗಳಷ್ಟು. ಬಕೆಟ್ಟಿನ ಕತೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದ. ಅಕ್ಕ ಬದಲಿಸಿದಳು ಎಂದು ಹೇಳಲಿಲ್ಲ, "ಬಕೆಟ್ಟು ಬದಲಾಗಿತ್ತು, ನಾನು ನೋಡ್ಲಿಲ್ಲ" ಎಂದ. ಅತ್ತಲಿಂದ ಬೈಗುಳ ಬರಲಿಲ್ಲ.

"ತೂಬಿನ ಚಕ್ರ ತಿರುಗುತ್ತಾ?"

"ತಿರುಗುತ್ತಮ್ಮ. ಹೋದ ವಾರ ಗ್ರೀಸು ಹಚ್ಚಿದೀನಿ."

"ಸದ್ಯ. ನಿಧಾನಕ್ಕೆ ತೆಗೀರಿ, ದಿನಕ್ಕೆ ಒಂದಡಿ ಇಳಿಬೇಕು, ಅದಕ್ಕಿಂತ ಜಾಸ್ತಿ ಬೇಡ. ಗಾಬರಿ ಬಿದ್ದು ಒಂದೇ ಸಲ ಖಾಲಿ ಮಾಡಿದ್ರೆ ಒದ್ದೆ ಏರಿ ನೀರಿನ ಕಡೆಗೇ ಕುಸಿಯುತ್ತೆ. ಶಿಶುವಿಹಾರ ಮುಚ್ಚಿಸಿ. ಮೊದಲನೇ ಸಾಲಿನ ಮನೆಯವರು ಮೂರು ದಿನ ಬೇರೆ ಕಡೆ ಇರ್ಲಿ. ನಾನು ಹೊರಟೆ."

ಎಲ್ಲೆಲ್ಲೋ ಎಷ್ಟೋ ತೂಬುಗಳು ತುಕ್ಕು ಹಿಡಿದು ನಿಂತಿರುತ್ತವೆ, ಬೇಕಾದ ದಿನ ಹತ್ತು ಜನ ನೇತಾಡಿದರೂ ತಿರುಗುವುದಿಲ್ಲ. ಇಲ್ಲಿ ನಲವತ್ತಣ್ಣ ಒಂದು ಕೈಯಲ್ಲಿ ತಿರುಗಿಸಿದ. ಕಾಲುವೆಯಲ್ಲಿ ನೀರು ಸದ್ದು ಮಾಡಿಕೊಂಡು ಹೋಗತೊಡಗಿತು. ಆ ಸದ್ದು ಕೇಳಿ ಅವನ ಮುಖಕ್ಕೆ ಸ್ವಲ್ಪ ಬಣ್ಣ ಬಂತು.

ಜನ ಸೇರಿದರು. ಭಾನುವಾರದ ಪಂದ್ಯದ ಗತಿಯೇನು ಎಂದರು. ದಿನಾ ನಲವತ್ತು ನಲವತ್ತು ಎನ್ನುತ್ತಿದ್ದೆಯಲ್ಲ, ಅದೇನು ಸುಳ್ಳೇ ಎಂದರು.

"ಹೌದು" ಎಂದ ಅವನು. "ಎರಡು ತಿಂಗಳಿಂದ ಸುಳ್ಳು. ನನಗೂ ಇವತ್ತೇ ಗೊತ್ತಾಗಿದ್ದು. ಏರಿ ನಿಂತ್ರೆ ಆಮೇಲೆ ನನ್ನ ಬೈಯೋಕೆ ಬೇಕಾದಷ್ಟು ದಿನ ಇದೆ. ಈಗ ಮೊದಲನೇ ಸಾಲಿನವರು ಹೊರಡಿ."

ಒಪ್ಪಿಕೊಂಡವನ ಜೊತೆ ಜಗಳ ಬೆಳೆಯುವುದಿಲ್ಲ. ಜನ ಗೊಣಗುತ್ತಾ ಹಾಸಿಗೆ ಸುತ್ತಿದರು. ಕೆಲವರನ್ನು ಮೇಷ್ಟ್ರು ತಮ್ಮ ಕಾಡಿನೊಳಕ್ಕೆ ಕರೆದುಕೊಂಡು ಹೋದರು. ಅಂಗಡಿಯ ಹಿಂದಿನ ಕೋಣೆಯಲ್ಲೇ ಇರುವ ಅಕ್ಕ ಮಾತ್ರ ಜಾಗ ಬಿಟ್ಟು ಅಲುಗಲಿಲ್ಲ.

"ಮೂರು ದಿನ ನಮ್ಮನೆಗೆ ಬಾ ಅಕ್ಕ."

"ನಿಮ್ಮನೆ ಟೀ ಕುಡಿಯೋದಕ್ಕಿಂತ ಇಲ್ಲೇ ಮುಳುಗೋದು ವಾಸಿ."

"ಹಾಗಾದ್ರೆ ನಾನೂ ಇಲ್ಲೇ ಕೂತ್ಕೋತೀನಿ."

ಅಕ್ಕ ಅವನ ಮುಖ ನೋಡಿದಳು. ಒಂಬತ್ತು ವರ್ಷದ ಹುಡುಗನ ಮುಖದಲ್ಲಿ ಒಮ್ಮೆ ಇದೇ ಭಯ ನೋಡಿದ್ದಳು. ಸ್ಟೌವು, ಟೀಪುಡಿ ಡಬ್ಬಿ, ಸೋಸುವ ಬಟ್ಟೆ ಮೂರನ್ನೂ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟಳು.

ಮಧ್ಯಾಹ್ನದ ಹೊತ್ತಿಗೆ ಇಂಜಿನಿಯರಮ್ಮ ಬಂದಳು. ಬುಡದಿಂದ ತುದಿಯವರೆಗೆ ನಡೆದಳು, ಕೂತಳು, ಮಣ್ಣು ಮುಟ್ಟಿ ನೋಡಿದಳು. ಆಮೇಲೆ ಅವನ ಕೋಣೆಯಲ್ಲಿ ಕೂತು ಪುಸ್ತಕಗಳನ್ನು ತಿರುವಿದಳು. ತಿರುವುತ್ತಾ ತಿರುವುತ್ತಾ ಅವಳ ಬೆರಳು ಷರಾ ಕಾಲಮ್ಮಿನಲ್ಲಿ ನಿಂತಿತು. ಹಿಂದಿನ ವರ್ಷದ್ದು ತೆಗೆದಳು. ಅದರ ಹಿಂದಿನದು. ಅದರ ಹಿಂದಿನದು.

"ಇಪ್ಪತ್ತೆರಡು ವರ್ಷದಿಂದ ತೆಗೆಯತಕ್ಕದ್ದಾ?"

ನಲವತ್ತಣ್ಣ ಕಿಟಕಿ ನೋಡಿದ.

"ಆ ಮರದ ಒಂದು ಕಡೆ ಒಣಗಿದೆ, ನೋಡಿದೀರಾ? ನೀರಿನ ಕಡೆದು. ಮೇಲೆ ಕೊಂಬೆ ಒಣಗಿದ್ರೆ ಕೆಳಗೆ ಬೇರು ಸತ್ತಿದೆ ಅಂತ. ಕೊಳೆತು ಟೊಳ್ಳಾದ್ರೆ ಕೊಳವೆ. ಊರವರ ಸಸಿ ಕಿತ್ತಿದೀರಂತೆ?"

"ಹದಿಮೂರು."

"ಇದನ್ನ?"

"ಅದು ನಮ್ಮಕ್ಕನ ಮರ ಅಮ್ಮ."

ಬೇಲಿಯೇ ಎದ್ದು ಹೊಲ ಮೇಯ್ದ ಕತೆಯನ್ನು ಅವಳೂ ಕೇಳಿರುತ್ತಾಳೆ, ಆದರೆ ಹೇಳಲಿಲ್ಲ. "ಅಕ್ಕನ್ನ ಕರೀರಿ" ಎಂದಷ್ಟೇ ಅಂದಳು.

ಇಪ್ಪತ್ತೆರಡು ವರ್ಷ ತಪ್ಪಿಸಿಕೊಂಡಿದ್ದ ಮಾತನ್ನು ನಲವತ್ತಣ್ಣ ಸ್ವಂತ ಮನೆಯ ಹೊಸ್ತಿಲಲ್ಲಿ ನಿಂತು ಆಡಬೇಕಾಯಿತು. ಒಳಗೆ ಅಕ್ಕ ಹೆಂಡತಿಗೆ ಟೀ ಮಾಡುವುದು ಹೇಗೆಂದು ಕಲಿಸುತ್ತಿದ್ದಳು, ಹೆಂಡತಿ ಕಲಿಯದಿರಲು ಪ್ರಯತ್ನಿಸುತ್ತಿದ್ದಳು.

"ಅಕ್ಕ, ಬೈಬೇಡ. ನಿನ್ನ ಮರ ಕಡೀಬೇಕಂತೆ."

"ಯಾವ ನನ್ನ ಮರ?"

"ಅಂಗಡಿ ಮೇಲಿಂದು. ನೀನು ನೆಟ್ಟಿದ್ದು."

"ನಾನು ನೆಟ್ಟಿದ್ದಾ?" ಅಕ್ಕ ಸೌಟು ಕೆಳಗಿಟ್ಟಳು. "ನನಗೇನು ಬೇರೆ ಕೆಲಸ ಇಲ್ವಾ? ನೀನಲ್ವೇನೋ ನೆಟ್ಟಿದ್ದು, ಕೆಲಸ ಸಿಕ್ಕಿದ ಖುಷಿಗೆ? ಊರಲ್ಲಿರೋ ಗಿಡ ಎಲ್ಲ ಕೀಳ್ತೀಯ, ಇದೊಂದನ್ನ ಮಾತ್ರ ಮುಟ್ಟಲ್ಲ. ಏನೋ ಆಸೆ ಪಟ್ಟು ಬೆಳೆಸಿದಾನೆ ಅಂತ ಸುಮ್ಮನಿದ್ದೆ. ದಿನಾ ಹಾಲಿನೊಳಗೆ ಎಲೆ ಬೀಳುತ್ತೆ. ಮೇಲೆ ಕಾಗೆ ಕೂತು ಗಿರಾಕಿಗಳ ಮೇಲೆ ಮಾಡಬಾರದ್ದು ಮಾಡುತ್ತೆ. ಇಪ್ಪತ್ತೆರಡು ವರ್ಷ ಬೆಂಚು ಒರೆಸಿದೀನಿ ಕಣೋ ನಿನ್ನ ಮುಖ ನೋಡಿ."

"ನಾನು ನೆಟ್ಟಿಲ್ಲ ಅಕ್ಕ."

"ಮತ್ತೆ ಯಾರು ನೆಟ್ಟಿದ್ದು?"

ಹೊಲಿಗೆ ಮೆಷಿನ್ ಹತ್ತಿರದಿಂದ ಹೆಂಡತಿ ದಾರ ಕಚ್ಚಿ ಹೇಳಿದಳು: "ಆ ಕಾಗೆಯ ಅಜ್ಜ ಇರ್ಬೇಕು."

ಅಕ್ಕ ಮೊದಲು ನಕ್ಕಳು. ನಗು ಹತ್ತಿಕೊಂಡು ಗೋಡೆ ಹಿಡಿದುಕೊಂಡಳು. ನಲವತ್ತಣ್ಣ ನಗಬೇಕೋ ಅಳಬೇಕೋ ತಿಳಿಯದೆ ಹೊಸ್ತಿಲಲ್ಲೇ ಕೂತ. ಇಬ್ಬರೂ ಒಬ್ಬರಿಗೊಬ್ಬರು ಕೊಟ್ಟುಕೊಂಡಿದ್ದ ಈ ಮರ್ಯಾದೆಯನ್ನು ಅಷ್ಟೂ ವರ್ಷ ಒಂದು ಹಕ್ಕಿ ತಿಂದು ಹಾಕಿದ ಬೀಜ ಅನುಭವಿಸಿತ್ತು.

ಶನಿವಾರ ಬೆಳಗ್ಗೆ ಹಳೆಯ ಬಕೆಟ್ಟಿಗೆ ಮೂವತ್ತೆರಡು. ಲೋಟದ ತಳದಲ್ಲಿ ಅದೇ ಕೆಂಪು. ಭಾನುವಾರ ಮೂವತ್ತೈದು. ಪಂದ್ಯವಿಲ್ಲ, ಬಾತುಕೋಳಿಗಳು ಕೆಸರಂಚಿನಲ್ಲಿ ಓರೆಯಾಗಿ ಕೂತಿದ್ದವು. ಇಂಜಿನಿಯರಮ್ಮ ಹೇಳಿದ್ದಳು: ದಾರಿ ಎಲ್ಲಿದೆಯೋ ಅದಕ್ಕಿಂತ ನೀರು ಕೆಳಗಿಳಿದರೆ ಒಸರು ತಾನೇ ಇಳಿಯುತ್ತದೆ. ಇಳಿಯದಿದ್ದರೆ ದಾರಿ ಇನ್ನೂ ಆಳದಲ್ಲಿದೆ, ಆಗ ಅರವತ್ತೂ ಮನೆ ಎಬ್ಬಿಸಬೇಕಾಗುತ್ತದೆ. ನಲವತ್ತಣ್ಣ ಆ ಎರಡು ದಿನ ಗಂಟೆಗೊಮ್ಮೆ ಬಕೆಟ್ಟಿಟ್ಟ. ಊಟ ತಂದ ಹೆಂಡತಿ "ಬಕೆಟ್ಟಿಗಾದ್ರೂ ಸ್ವಲ್ಪ ಸುಧಾರಿಸಿಕೊಳ್ಳೋಕೆ ಬಿಡಿ" ಎಂದಳು, ಆದರೆ ತಾನೂ ಪಕ್ಕದಲ್ಲಿ ಕೂತು ಮುಳ್ಳು ನೋಡಿದಳು.

ಸೋಮವಾರ ಆರಕ್ಕೆ ಬಂದಾಗ ಕೊಳವೆಯ ಸದ್ದೇ ಬೇರೆಯಾಗಿತ್ತು. ಬೆರಳು ದಪ್ಪವಿದ್ದ ನೀರು ಕಿರುಬೆರಳಿನಷ್ಟಾಗಿತ್ತು. ಬಕೆಟ್ಟಿಟ್ಟ. ಮೂವತ್ತು ದಾಟಿತು, ನಲವತ್ತು ದಾಟಿತು, ಐವತ್ತು ದಾಟಿತು. ಅರವತ್ತೆರಡಕ್ಕೆ ತುಂಬಿತು. ನಲವತ್ತಣ್ಣನಿಗೆ ಇನ್ನು ಒಳ್ಳೆಯ ಸುದ್ದಿಯ ಮೇಲೂ ನಂಬಿಕೆಯಿರಲಿಲ್ಲ. ಲೀಟರು ಪಾತ್ರೆ ತಂದು ಬಕೆಟ್ಟನ್ನು ಅಳೆದ. ಹನ್ನೆರಡು. ಲೋಟ ಹಿಡಿದಿಟ್ಟು ಅರ್ಧ ಗಂಟೆ ಕಾದ. ತಳ ಸ್ವಚ್ಛವಾಗಿತ್ತು.

ಅಂದು ಮರ ಬಿತ್ತು. ಅಗೆದಾಗ, ಇಳಿದ ನೀರಿನ ಅಂಚಿಗೆ ಒಂದು ಗೇಣು ಮೇಲೆ, ತೋಳು ದಪ್ಪದ ಬೇರು ಸಿಕ್ಕಿತು. ಹಿಡಿದರೆ ಪುಡಿಯಾಗುವಂಥದ್ದು, ಒಳಗೆ ಪೂರಾ ಟೊಳ್ಳು. ಇಂಜಿನಿಯರಮ್ಮ ಅದರೊಳಗೆ ಕೈ ಹಾಕಿದಳು, ಮೊಣಕೈವರೆಗೆ ಹೋಯಿತು.

"ಇನ್ನೊಂದು ಮಳೆಗಾಲ ಬಿಟ್ಟಿದ್ರೆ?" ಎಂದು ಕೇಳಿದ ನಲವತ್ತಣ್ಣ.

"ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕ್ತಿದ್ವಿ" ಎಂದಳು. "ಈಗ ಕೋಟೆ ಇದೆ. ಮಣ್ಣು ತನ್ನಿ."

ಬೇರು ಹೋದಷ್ಟು ದೂರ ಅಗೆದು ತೆಗೆದು, ಜೇಡಿಮಣ್ಣನ್ನು ಗೇಣು ಗೇಣೇ ಹಾಕಿ, ನೀರು ಚಿಮುಕಿಸಿ, ಕುಟ್ಟಿ ಕುಟ್ಟಿ ತುಂಬಲು ಹತ್ತೊಂಬತ್ತು ದಿನ ಹಿಡಿಯಿತು. ಆಮೇಲೆ ತೂಬು ಮುಚ್ಚಿದರು. ಮುಂದಿನ ಮಳೆಗಳಿಗೆ ಕೆರೆ ನಿಧಾನಕ್ಕೆ ಮೇಲೆ ಬಂತು. ಬಾತುಕೋಳಿಗಳು ಒಂದೊಂದಾಗಿ ನೆಟ್ಟಗಾದವು.

ಅಂಗಡಿಯ ಬೆಂಚಿಗೆ ಈಗ ನೆತ್ತಿಯ ಬಿಸಿಲು. ತಲೆಯಿಲ್ಲದ ಬಾತುಕೋಳಿಯ ಛಾವಣಿಯನ್ನು ಬಿಚ್ಚಿ ತಂದು ನಾಲ್ಕು ಕಂಬದ ಮೇಲೆ ಕೂರಿಸಿದ್ದಾರೆ. ಮೇಷ್ಟ್ರು ತಮ್ಮ ಕಾಡಿನಿಂದ ಒಂದು ಮರಿಗಿಡ ತಂದರು. ರಸ್ತೆಯಾಚೆ, ಇಂಜಿನಿಯರಮ್ಮ ಅಳೆದು ಗೂಟ ಹೊಡೆದ ಜಾಗದಲ್ಲಿ, ಗುಂಡಿ ತೋಡಿದ್ದು ನಲವತ್ತಣ್ಣ.

"ನಾಳೆ ಬೆಳಗ್ಗೆ ಬಂದು ನೋಡಿದ್ರೆ ಇರುತ್ತಾ?" ಎಂದು ಕೇಳಿದರು ಮೇಷ್ಟ್ರು.

"ಕಾಗೆ ನೆಟ್ಟಿದ್ದನ್ನೇ ಇಪ್ಪತ್ತೆರಡು ವರ್ಷ ಸಾಕಿದೀನಿ ಸಾರ್. ನೀವು ನೆಟ್ಟಿದ್ದು ಇರ್ಲಿ ಬಿಡಿ."

ಹಳೆಯ ಬಕೆಟ್ಟಿಗೆ ಈಗ ಸರಪಳಿ, ಸರಪಳಿಗೆ ಬೀಗ. ಬೀಗದ ಕೈ ಅವನ ಜೇಬಿನಲ್ಲಿ. ಸೋಮವಾರ ಗಡಿಯಾರಕ್ಕೆ ರೇಡಿಯೋ, ಬಕೆಟ್ಟಿಗೆ ಲೀಟರು ಪಾತ್ರೆ, ಎರಡೂ ತಪ್ಪುವುದಿಲ್ಲ. ಆ ಎರಡು ತಿಂಗಳ ಅಂಕಿಗಳ ಮೇಲೆ ಪುಸ್ತಕದಲ್ಲಿ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ನಿಜವಾದ ಸೆಕೆಂಡು ಬರೆದಿದ್ದಾನೆ. ಷರಾ ಕಾಲಮ್ಮಿನಲ್ಲಿ: "ಬಕೆಟ್ಟು ಬದಲಾಗಿತ್ತು. ಕಾವಲುಗಾರ ನೋಡಲಿಲ್ಲ." ಅದನ್ನು ಬರೆಯಲು ಯಾರೂ ಹೇಳಿರಲಿಲ್ಲ.

ಕೆರೆ ಪೂರ್ತಿ ತುಂಬಿ, ಕೋಡಿಯಲ್ಲಿ ಹೆಚ್ಚಿನ ನೀರು ತೆಳುವಾಗಿ ಜಾರತೊಡಗಿದ ಬೆಳಗ್ಗೆ ಅವನು ಬಕೆಟ್ಟಿಟ್ಟ. ಏರಿಯ ಮೇಲೆ ಆರೇಳು ಜನ ಬಗ್ಗಿ ನಿಂತಿದ್ದರು, ಯಾರೂ ಎಷ್ಟಣ್ಣಾ ಎನ್ನಲಿಲ್ಲ. ಕಾದರು.

"ನಲವತ್ತೊಂದು" ಎಂದ.

"ಹೆಸರು ಬದಲಾಯಿಸ್ಬೇಕಾ ಈಗ?" ಎಂದರು ಮೇಲಿಂದ ಮೇಷ್ಟ್ರು, ಮತ್ತೆ ನಡೆಯತೊಡಗಿದರು.

ಅಂಗಡಿಗೆ ಬಂದು ಗಾಜಿನ ಲೋಟವನ್ನು ಬೆಂಚಿನ ಮೇಲಿಟ್ಟು ಕಾದ. ರಸ್ತೆಯಾಚೆ ಶಿಶುವಿಹಾರದ ಗೇಟು ತೆಗೆದ ಸದ್ದಾಯಿತು, ಮಕ್ಕಳ ಗಲಾಟೆ ಶುರುವಾಯಿತು. ಲೋಟವನ್ನೆತ್ತಿ ಬಿಸಿಲಿಗೆ ಹಿಡಿದ. ಒಂದು ಕಣ್ಣು ಮುಚ್ಚಿದ, ಆಮೇಲೆ ಇನ್ನೊಂದು.

"ಏನು ಕಾಣುತ್ತೋ?" ಎಂದಳು ಅಕ್ಕ.

"ಏನೂ ಇಲ್ಲ."

"ಏನೂ ಇಲ್ಲದ್ದನ್ನ ನೋಡೋಕೆ ಇಷ್ಟೊತ್ತಾ?"

ಅವನ ಕೈಯಿಂದ ಲೋಟ ಕಿತ್ತುಕೊಂಡು ನೀರು ಚೆಲ್ಲಿ, ಬಿಸಿನೀರಲ್ಲಿ ಎರಡು ಸಲ ತೊಳೆದು, ಅದಕ್ಕೇ ಟೀ ಸುರಿದಳು. ಹಾಲಿನಲ್ಲಿ ಎಲೆ ಇರಲಿಲ್ಲ. ನಲವತ್ತಣ್ಣ ಬಿಸ್ಕತ್ತು ಅದ್ದಿದ, ಮುರಿಯುವ ಮೊದಲೇ ಬಾಯಿಗೆ ಹಾಕಿಕೊಂಡ.